ತಿರುಪು ಗೂಟ, ಪಟ್ಟಿಗಳ ಸೆಟ್: ಮೂರು ವರ್ಷ ಕಡಲ ಮರಳಿನಲ್ಲೂ ರಾಗಿ ಕಣದಲ್ಲೂ ಬಳಸಿದ ಮೇಲೆ

ನಮ್ಮದು ತುಮಕೂರು. ಇಲ್ಲಿಂದ ಸಮುದ್ರ 300 ಕಿಲೋಮೀಟರಿಗೂ ದೂರ. ಆದರೂ ನನಗೂ ನನ್ನ ತಮ್ಮನಿಗೂ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರಿನ ಮೇಲೆ ಸಾಗುವ ಆಟ) ಅಂದರೆ ಪ್ರಾಣ. ಜನವರಿಯಿಂದ ಮೇವರೆಗೆ, ತಿಂಗಳಿಗೊಮ್ಮೆಯಾದರೂ ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತೇವೆ. ಪಡುಬಿದ್ರಿ, ಕಾಪು ಕಡೆಯ ಮರಳಿನಲ್ಲಿ ಮಧ್ಯಾಹ್ನದ ಗಾಳಿಗೆ ಕಾಯುತ್ತೇವೆ. ದಡದಲ್ಲಿಟ್ಟ ಸಾಮಾನು ಗಾಳಿಗೆ ಹಾರದ ಹಾಗೆ ನೆಲಕ್ಕೆ ಕಟ್ಟಲು ಈ ತಿರುಪು ಗೂಟ, ಪಟ್ಟಿಗಳ ಸೆಟ್ ತಂದಿದ್ದು. ಮಳೆಗಾಲದಲ್ಲಿ ಆ ಕಡಲಿಗೆ ಇಳಿಯುವ ಮಾತೇ ಇಲ್ಲ. ಆಗ ಇದೇ ಸೆಟ್ ಊರಲ್ಲಿ ಅಪ್ಪನ ಹೊಲಕ್ಕೆ ಹೋಗುತ್ತದೆ. ಹಾಗಾಗಿ ಇದನ್ನು ಎರಡು ಬೇರೆ ಬೇರೆ ನೆಲದಲ್ಲಿ ಬಳಸಿ ನೋಡಿದ್ದೇನೆ.

ಸೆಟ್‌ನಲ್ಲಿ ಬಂದಿದ್ದು ನಾಲ್ಕು ಗೂಟ, ನಾಲ್ಕು ಪಟ್ಟಿ. ಗೂಟ ಅಂದರೆ 12 ಮಿಲಿಮೀಟರ್ ದಪ್ಪದ ಕಬ್ಬಿಣದ ಸರಳು. ಉದ್ದ 40 ಸೆಂಟಿಮೀಟರ್. ಕೆಳಗಿನ ಅರ್ಧ ತಿರುಪಿನ ಹಾಗೆ ಸುತ್ತಿಕೊಂಡಿದೆ, ಮೇಲೆ ಬಳೆ ಇದೆ. ಬಳೆಯೊಳಗೆ ಒಂದು ಕೋಲು ತೂರಿಸಿ ತಿರುಗಿಸಿದರೆ ನೆಲಕ್ಕೆ ಇಳಿಯುತ್ತದೆ. ಪಟ್ಟಿಗಳು 25 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್. ಎರಡಕ್ಕೆ ಟಕಟಕ ಅಂತ ಎಳೆದು ಬಿಗಿಯುವ ರಾಚೆಟ್, ಇನ್ನೆರಡಕ್ಕೆ ಹಲ್ಲು ಕಚ್ಚಿ ಹಿಡಿಯುವ ಬಕಲ್. 2022ರಲ್ಲಿ 1,850 ರೂಪಾಯಿ ಕೊಟ್ಟೆ.

ವಿಂಡ್‌ಸರ್ಫಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ಗಾಳಿ ದಿನವಿಡೀ ಒಂದೇ ತರ ಇರುವುದಿಲ್ಲ. ಬೆಳಿಗ್ಗೆ ನೆಲ ಬಿಸಿಯಾಗುತ್ತದೆ, ಮಧ್ಯಾಹ್ನ ಕಡಲಿನಿಂದ ಗಾಳಿ ಏಳುತ್ತದೆ, ಸಂಜೆ ಹೊತ್ತಿಗೆ ಇಳಿಯುತ್ತದೆ. ಕಡಿಮೆ ಗಾಳಿಗೆ ದೊಡ್ಡ ಹಾಯಿ ಬೇಕು, ಜೋರು ಗಾಳಿಗೆ ಚಿಕ್ಕದು. ಅದಕ್ಕೇ ಎರಡು ಮೂರು ಹಾಯಿ, ಒಂದು ಹೆಚ್ಚಿನ ಬೋರ್ಡ್ (ನಿಲ್ಲುವ ಹಲಗೆ), ಮಾಸ್ಟ್ (ಹಾಯಿಯ ಕಂಬ), ಬೂಮ್ (ಹಾಯಿಗೆ ಅಡ್ಡಲಾಗಿರುವ ಹಿಡಿಕೆ) ಎಲ್ಲ ಹೊತ್ತು ಹೋಗುತ್ತೇವೆ. ನೀರಿನಲ್ಲಿರುವುದು ಒಂದು ಹಾಯಿ. ಉಳಿದದ್ದೆಲ್ಲ ದಡದಲ್ಲಿ, ನೋಡಿಕೊಳ್ಳುವವರಿಲ್ಲದೆ ಬಿದ್ದಿರುತ್ತದೆ. ಅಪಾಯ ಇರುವುದು ಅಲ್ಲಿ.

ಗಾಳಿಯ ಲೆಕ್ಕ ತಿಳಿದರೆ ಭಯ ಆಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿಗೆ ಎದುರಾಗಿ ನಿಂತ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 6 ಕಿಲೋ ಒತ್ತಡ ಬೀಳುತ್ತದೆ. ಐದೂವರೆ ಚದರ ಮೀಟರ್ ಹಾಯಿ ಎದ್ದು ನಿಂತರೆ 33 ಕಿಲೋ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ನಮ್ಮ ಬೋರ್ಡಿನ ತೂಕವೇ ಏಳೆಂಟು ಕಿಲೋ. ಅದು ಎಷ್ಟು ಹೊತ್ತು ತಡೆದೀತು?

ಮೊದಲ ಸಲ, ಮಾರ್ಚ್ ತಿಂಗಳಲ್ಲಿ, ಒಣ ಮರಳಿಗೆ ಎರಡು ಗೂಟ ತಿರುಗಿಸಿ, ಜೋಡಿಸಿಟ್ಟ ಹಾಯಿಯನ್ನು ಪಟ್ಟಿಯಿಂದ ಕಟ್ಟಿದೆ. ಕೈಯಲ್ಲಿ ಎಳೆದು ನೋಡಿದೆ, ಗಟ್ಟಿ ಇತ್ತು. ನಾನು ನೀರಿನಲ್ಲಿದ್ದಾಗ ಗಾಳಿ ಏರಿತು. ಎರಡೂ ಗೂಟ ಕಿತ್ತು ಬಂದವು. ಹಾಯಿ ಎದ್ದು, ಮಗುಚಿ, ಗೂಟಗಳನ್ನೂ ಎಳೆದುಕೊಂಡು ಉರುಳಿತು. ಕೊನೆಗೆ ಒಂದು ದೋಣಿಗೆ ಬಡಿದು ನಿಂತಿತು. ಆ ದೋಣಿಯ ಮರೆಯಲ್ಲಿ ಒಬ್ಬ ಹೆಂಗಸು ಮೀನು ಒಣಗಿಸುತ್ತಿದ್ದರು. ಅವರಿಗೆ ನಾಲ್ಕು ಮಾರು ದೂರದಲ್ಲಿ ಬಿತ್ತು. ಆ ದೃಶ್ಯ ಇವತ್ತಿಗೂ ಕಣ್ಣಮುಂದೆ ಇದೆ. ಹಾಯಿ ಹರಿದರೆ ಹೊಲಿಸಬಹುದು. ಆ ಸರಳು ಅವರ ತಲೆಗೆ ಬಡಿದಿದ್ದರೆ? ಈ ವಿಮರ್ಶೆ ಬರೆಯಲು ಕೂತದ್ದೇ ಆ ಕಾರಣಕ್ಕೆ.

ದೋಣಿಯ ಯಜಮಾನರು ಬೈಯಲಿಲ್ಲ. ಗೂಟ ಕೈಗೆ ತೆಗೆದುಕೊಂಡು ನೋಡಿ, "ಇದು ಹೊಯಿಗೆಗೆ ಆಗುದಿಲ್ಲ ಮಾರಾಯ್ರೇ. ಒಂದು ಚೀಲ ತನ್ನಿ. ಹೊಯಿಗೆ ತುಂಬಿಸಿ, ಹೂತು ಹಾಕಿ" ಎಂದರು. ಅಲ್ಲಿಯವರಿಗೆ ಮರಳು ಹೊಯಿಗೆ.

ಊರಿಗೆ ಬಂದ ಮೇಲೆ ಮನೆಯಲ್ಲಿದ್ದ ಖಾಲಿ ಯೂರಿಯಾ ಚೀಲಗಳನ್ನು ತೊಳೆದು ಒಣಗಿಸಿಟ್ಟೆ. ಮುಂದಿನ ಸಲ ಹೋಗುವಾಗ ಅಪ್ಪ ಹುಣಸೆಹಣ್ಣು ತೂಗುವ, ಕೊಕ್ಕೆ ಇರುವ 100 ಕಿಲೋ ತಕ್ಕಡಿಯನ್ನೂ ಕಾರಿಗೆ ಹಾಕಿಕೊಂಡೆ. ತಮ್ಮ ಎಳೆದ, ನಾನು ಮುಳ್ಳು ನೋಡಿದೆ. ಒಣ ಮರಳಿನಲ್ಲಿ ತಿರುಪು ಗೂಟ 25 ಕಿಲೋ ಆಸುಪಾಸಿನಲ್ಲೇ ಕಿತ್ತು ಬಂತು. ಅಲೆ ಬಂದು ಹೋಗುವ ಒದ್ದೆ ಮರಳಿನಲ್ಲಿ ಅದರ ಎರಡರಷ್ಟು ತಡೆಯಿತು. ಆದರೆ ಅಲ್ಲಿ ಸಾಮಾನು ಇಡಲು ಆಗುವುದಿಲ್ಲವಲ್ಲ, ಉಬ್ಬರದ ನೀರು ಬರುತ್ತದೆ. ಕೊನೆಗೆ ಅರ್ಧ ತುಂಬಿಸಿದ ಚೀಲವನ್ನು ಎರಡು ಅಡಿ ಆಳಕ್ಕೆ ಹೂತು ಎಳೆದೆವು. ಮುಳ್ಳು 100ಕ್ಕೆ ಬಂದರೂ ಚೀಲ ಅಲುಗಾಡಲಿಲ್ಲ. ಇದು ನಮ್ಮದೇ ಎಳೆದಾಟ, ಬೇರೆ ಜಾಗದ ಮರಳಿನಲ್ಲಿ ಲೆಕ್ಕ ಬೇರೆ ಬರಬಹುದು. ನಮಗಂತೂ ಅನುಮಾನ ಉಳಿಯಲಿಲ್ಲ.

ಚೀಲವನ್ನು ಪೂರ್ತಿ ತುಂಬಿಸಬೇಡಿ. 45 ಕಿಲೋ ಯೂರಿಯಾ ಹಿಡಿಯುವ ಚೀಲಕ್ಕೆ ಬಾಯಿವರೆಗೆ ಮರಳು ತುಂಬಿಸಿದರೆ ಹತ್ತಿರ ಹತ್ತಿರ ಕ್ವಿಂಟಾಲ್ ಆಗುತ್ತದೆ, ಎತ್ತಲು ಆಗುವುದಿಲ್ಲ. ಅರ್ಧ ಸಾಕು. ಬಾಯಿ ಕಟ್ಟಿ, ಪಟ್ಟಿಯನ್ನು ಚೀಲದ ನಡುವಿಗೆ ಎರಡು ಸುತ್ತು ಹಾಕಿ. ಗುಂಡಿಯಿಂದ ಪಟ್ಟಿ ಮೇಲೆ ಬರುವ ಕಡೆ ಓರೆಯಾಗಿ ಒಂದು ಸಣ್ಣ ಕಾಲುವೆ ತೋಡಿ. ನೇರವಾಗಿ ಮೇಲಕ್ಕೆ ತಂದರೆ ಪಟ್ಟಿ ಮರಳನ್ನು ಸೀಳಿಕೊಂಡು ಸಡಿಲ ಆಗುತ್ತದೆ. ಆಮೇಲೆ ಮುಚ್ಚಿ ಚೆನ್ನಾಗಿ ತುಳಿಯಬೇಕು. ಎರಡು ಕೊಡ ಕಡಲ ನೀರು ಸುರಿದರೆ ಇನ್ನೂ ಒಳ್ಳೆಯದು.

ಗುಂಡಿ ತೋಡುವ ಮೊದಲು ಸುತ್ತ ನೋಡಿ. ನಮ್ಮ ಕರಾವಳಿಯ ಮರಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಗೂಡು ಇರುವ ಕಡೆ ಬೇಲಿ ಕಟ್ಟಿರುತ್ತಾರೆ. ಅಲ್ಲಿಂದ ದೂರ ಇರಿ. ಹೊರಡುವಾಗ ಚೀಲ ತೆಗೆದು ಗುಂಡಿ ಮುಚ್ಚಿ. ತೆರೆದ ಗುಂಡಿಗೆ ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ, ಆಮೆ ಮರಿ ಬಿದ್ದರೆ ಮೇಲೆ ಬರಲು ಆಗುವುದಿಲ್ಲ.

ಈ ಸೆಟ್‌ನಲ್ಲಿ ಕಡಲಿಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಪಟ್ಟಿಗಳು. ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ ಎರಡು ಬೇಸಿಗೆಯ ಬಿಸಿಲಿಗೆ ಪುಡಿ ಪುಡಿ ಆಗುತ್ತಿತ್ತು. ನೈಲಾನ್ ಹಗ್ಗ ಒದ್ದೆಯಾದರೆ ಜಗ್ಗುತ್ತದೆ. ಪಾಲಿಯೆಸ್ಟರ್ ಪಟ್ಟಿ ಮೂರು ವರ್ಷದ ಮೇಲೂ ಜಗ್ಗಿಲ್ಲ. ಬಣ್ಣ ಮಾಸಿದೆ, ಹೊಲಿಗೆ ಗಟ್ಟಿಯಿದೆ. ಉದ್ದ ಪಟ್ಟಿ ಗಾಳಿಗೆ ಗುಯ್ ಅಂತ ನಡುಗುತ್ತದೆ. ಕಟ್ಟುವಾಗ ಒಂದು ಸಲ ತಿರುಚಿದರೆ ಆ ನಡುಕ ನಿಲ್ಲುತ್ತದೆ. ನಡುಕ ನಿಂತರೆ ಬಕಲ್ ಸಡಿಲ ಆಗುವುದೂ ನಿಲ್ಲುತ್ತದೆ.

ಬೋರ್ಡ್ ಮೇಲೆ ಮಾತ್ರ ರಾಚೆಟ್ ಹಾಕಬೇಡಿ. ಒಳಗೆ ಇರುವುದು ಹಗುರ ಫೋಮ್, ಮೇಲೆ ತೆಳ್ಳನೆಯ ಪದರ. ರಾಚೆಟ್‌ನ ಎರಡು ಟಕ್ ಹೆಚ್ಚಾದರೆ ಅಂಚು ಒಳಗೆ ಹೋಗುತ್ತದೆ. ತಮ್ಮನ ಬೋರ್ಡಿಗೆ ಹಾಗೆ ಆಗಿ ರಿಪೇರಿಗೆ ತುಂಬಾ ಖರ್ಚಾಯಿತು. ಬೋರ್ಡಿಗೆ ಹಲ್ಲಿನ ಬಕಲ್ ಪಟ್ಟಿಯೇ ಸರಿ. ಬಕಲ್ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡಿ. ಬೋರ್ಡಿನ ಮೂಗು ಮೇಲಕ್ಕೆ ಬಾಗಿರುತ್ತದೆ, ಅದರ ಕೆಳಗೆ ಗಾಳಿ ನುಗ್ಗುತ್ತದೆ. ಅದಕ್ಕೆ ಹಿಂಬದಿಯನ್ನು ಗಾಳಿಗೆ ಎದುರಾಗಿಟ್ಟು, ಮೂಗಿನ ಮೇಲೆ ಎರಡು ಬೊಗಸೆ ಮರಳು ಹಾಕುತ್ತೇನೆ. ಬೋರ್ಡಿನ ಅಡಿಯ ರೆಕ್ಕೆಯನ್ನು, ಅಂದರೆ ಫಿನ್, ಬಿಚ್ಚಿ ಚೀಲಕ್ಕೆ ಹಾಕುತ್ತೇನೆ.

ಜೋಡಿಸಿಟ್ಟ ಹಾಯಿಯನ್ನು ಮಾಸ್ಟ್ ಇರುವ ಅಂಚು ಗಾಳಿಗೆ ಎದುರಾಗುವ ಹಾಗೆ ಮಲಗಿಸಬೇಕು. ಬೂಮ್ ತುದಿ ಗಾಳಿಗೆ ಸಿಕ್ಕರೆ ಇಡೀ ಹಾಯಿ ಮಗುಚುತ್ತದೆ. ಕಟ್ಟುವುದು ಮಾಸ್ಟಿನ ಬುಡಕ್ಕೆ. ಬಳಸದ ಹಾಯಿಯನ್ನು ಸುಮ್ನೆ ಜೋಡಿಸಿ ಇಡಬೇಡಿ. ಸುತ್ತಿ ಚೀಲಕ್ಕೆ ಹಾಕಿ. ಮತ್ತೆ ಜೋಡಿಸಲು ಕಾಲು ಗಂಟೆ ಹೋಗುತ್ತದೆ ನಿಜ, ಆದರೆ ಸುತ್ತಿದ ಹಾಯಿ ಗಾಳಿಗೆ ಸಿಗುವುದಿಲ್ಲ, ಬಿಸಿಲಿಗೂ ಬಲಿಯಾಗುವುದಿಲ್ಲ.

ಇನ್ನು ಗೂಟಗಳ ವಿಷಯ. ಕಡಲಲ್ಲಿ ಸೋತ ಅವೇ ಗೂಟಗಳು ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದವು. ಡಿಸೆಂಬರಿನಲ್ಲಿ ರಾಗಿ ಕೊಯ್ಲು ಮುಗಿದು ಮೆದೆ ಹಾಕಿರುತ್ತೇವೆ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಮೋಡ, ಜಡಿಮಳೆ, ಗಾಳಿ. ಮೆದೆಯ ಮೇಲೆ 30 ಅಡಿ ಉದ್ದ, 30 ಅಡಿ ಅಗಲದ ಟಾರ್ಪಾಲು ಹಾಕಿ ಮೊದಲೆಲ್ಲ ಕಲ್ಲು ಹೇರುತ್ತಿದ್ದೆವು. ರಾತ್ರಿ ಎದ್ದು ಬ್ಯಾಟರಿ ಹಿಡಿದು ನೋಡಬೇಕಿತ್ತು. ಈ ಗೂಟ ಬಂದ ಮೇಲೆ ಮೂರು ಕೊಯ್ಲಿನಲ್ಲಿ ಒಂದು ಸಲವೂ ಟಾರ್ಪಾಲು ಎದ್ದಿಲ್ಲ. ಟಾರ್ಪಾಲಿನ ಕಣ್ಣುಗಳನ್ನು (ಹಗ್ಗ ಕಟ್ಟುವ ಅಂಚಿನ ತೂತುಗಳನ್ನು) ನಂಬಬೇಡಿ, ಹರಿಯುತ್ತವೆ. ಮೂಲೆಯಲ್ಲಿ ಒಂದು ದುಂಡು ಕಲ್ಲು ಸುತ್ತಿ, ಅದರ ಕುತ್ತಿಗೆಗೆ ಪಟ್ಟಿ ಕಟ್ಟಿ.

ಅಪ್ಪ ಮರದ ಗೂಟ ಹೊಡೆಯುವಾಗ ಯಾವಾಗಲೂ ಹೇಳುವುದು, "ನೆಟ್ಟಗೆ ಹೊಡಿಬ್ಯಾಡ ಕಣವ್ವ, ಹಿಂದಕ್ಕೆ ವಾಲಿಸು." ಮರದ ಗೂಟಕ್ಕೆ ಅದು ನೂರಕ್ಕೆ ನೂರು ಸರಿ. ತಿರುಪು ಗೂಟಕ್ಕೆ ಹಾಗಲ್ಲ. ಪಟ್ಟಿ ಯಾವ ನೇರಕ್ಕೆ ಎಳೆಯುತ್ತದೋ ಗೂಟವೂ ಅದೇ ನೇರಕ್ಕೆ ಮಣ್ಣಿಗೆ ಇಳಿದಿರಬೇಕು. ಆಗ ತಿರುಪಿನ ಮೇಲಿರುವ ಮಣ್ಣೆಲ್ಲ ಹಿಡಿದುಕೊಳ್ಳುತ್ತದೆ. ಅಡ್ಡ ಎಳೆದರೆ ಸರಳು ಬಾಗುತ್ತದೆ. ನನ್ನ ನಾಲ್ಕರಲ್ಲಿ ಒಂದು ಹಾಗೇ ಬಾಗಿತು. ಅಂತರಸನಹಳ್ಳಿ ಕಡೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿಕೊಂಡೆ.

ಬೇಸಿಗೆಯಲ್ಲಿ ಕೆಂಪು ನೆಲ ಕಲ್ಲಿನ ಹಾಗಾಗಿರುತ್ತದೆ, ಗೂಟ ಇಳಿಯುವುದೇ ಇಲ್ಲ. ಹಿಂದಿನ ರಾತ್ರಿ ಒಂದು ಬಿಂದಿಗೆ ನೀರು ಸುರಿದು, ಬೆಳಿಗ್ಗೆ ಹಾರೆಯಲ್ಲಿ ಸಣ್ಣ ತೂತು ಮಾಡಿ, ಆಮೇಲೆ ತಿರುಗಿಸಿ. ಕಲ್ಲು ಹೆಚ್ಚಿರುವ ಹೊಲಕ್ಕೆ ಈ ಗೂಟ ಬೇಡ.

ದೊಡ್ಡ ದೂರು ತುಕ್ಕು. ಗೂಟದ ಸತುವಿನ ಲೇಪ ಮೊದಲ ವರ್ಷವೇ ತಿರುಪಿನ ಅಂಚಿನಲ್ಲಿ ಸವೆದು ಹೋಯಿತು. ಮರಳು ಉಜ್ಜಿದರೆ ಯಾವ ಲೇಪವೂ ನಿಲ್ಲುವುದು ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ರಾಚೆಟ್ ಒಳಗಿನ ಸ್ಪ್ರಿಂಗ್ ಎಂಟೇ ತಿಂಗಳಿಗೆ ತುಕ್ಕು ಹಿಡಿದು ಸಿಕ್ಕಿಕೊಂಡಿತು. ಕಡಲ ಬಳಕೆಗೂ ಆಗುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿದ್ದರು. ಹಾಗೆ ಬರೆದ ಮೇಲೆ ಸ್ಪ್ರಿಂಗ್ ಆದರೂ ತುಕ್ಕು ಹಿಡಿಯದ ಸ್ಟೀಲಿನದ್ದು ಹಾಕಬೇಕಿತ್ತು ಅಲ್ವಾ? ಮಾರಿದವರಿಗೆ ಎರಡು ಸಲ ಬರೆದೆ. ಬಿಡಿ ಸ್ಪ್ರಿಂಗ್ ಸಿಗುವುದಿಲ್ಲ, ಹೊಸ ಸೆಟ್ಟೇ ಕೊಳ್ಳಬೇಕು ಅಂದರು. ಇದಕ್ಕೆ ನನಗೆ ನಿಜವಾಗಿ ಬೇಜಾರಾಯಿತು. ಮಂಡಿಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಸ್ಪ್ರಿಂಗ್ ಹುಡುಕಿ ಕೊಟ್ಟರು, ಅದು ಇನ್ನೂ ನಡೆಯುತ್ತಿದೆ.

ಈಗ ಕಡಲಿನಿಂದ ಹೊರಡುವ ಮೊದಲೇ ಎಲ್ಲವನ್ನೂ ಸಿಹಿನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಮನೆಗೆ ಬಂದು ತೊಳೆಯೋಣ ಅಂದರೆ ಏಳೆಂಟು ಗಂಟೆಯ ದಾರಿ, ಅಷ್ಟರಲ್ಲಿ ಉಪ್ಪು ಒಳಗೆ ಕೂತಿರುತ್ತದೆ. ರಾಚೆಟ್‌ಗೆ ಹೊಲಿಗೆ ಮಿಷನ್ ಎಣ್ಣೆ ಹಾಕಿ ನೋಡಿದ್ದೆ, ಮರಳೆಲ್ಲ ಅಂಟಿಕೊಂಡು ಇನ್ನೂ ಕೆಟ್ಟಿತು. ಸಿಲಿಕಾನ್ ಸ್ಪ್ರೇ ಆದರೆ ಆ ತೊಂದರೆ ಕಡಿಮೆ.

ಅಂಕ ಕೊಡುವುದಾದರೆ ಪಟ್ಟಿಗಳಿಗೆ ಐದಕ್ಕೆ ನಾಲ್ಕೂವರೆ. ಗೂಟಗಳಿಗೆ ಹೊಲದಲ್ಲಿ ನಾಲ್ಕು, ಒಣ ಮರಳಿನಲ್ಲಿ ಒಂದು. ರಾಚೆಟ್‌ಗೆ ಎರಡು. ಕಡಲಿಗೆ ಮಾತ್ರ ಬೇಕು ಅನ್ನುವವರು ಈ ಸೆಟ್ ಕೊಳ್ಳಬೇಡಿ. ಹಲ್ಲಿನ ಬಕಲ್ ಇರುವ ಪಾಲಿಯೆಸ್ಟರ್ ಪಟ್ಟಿ ನಾಲ್ಕು ಬಿಡಿಯಾಗಿ ತೆಗೆದುಕೊಂಡು, ಖಾಲಿ ಯೂರಿಯಾ ಚೀಲ ನಾಲ್ಕು, ಒಂದು ಸಲಿಕೆ ಜೊತೆಗೆ ಒಯ್ಯಿರಿ. ಹೊಲ, ತೋಟ, ಶಾಮಿಯಾನ, ಅಂಗಳದ ನೆರಳು ಬಲೆ ಇದ್ದವರಿಗೆ ಈ ಸೆಟ್ ಧಾರಾಳವಾಗಿ ಆಗುತ್ತದೆ. ನಮ್ಮ ನಾಲ್ಕೂ ಗೂಟ ಈಗ ಅಪ್ಪನ ಹತ್ತಿರವೇ ಇವೆ. ಕಡಲಿಗೆ ಹೋಗುವ ಚೀಲದಲ್ಲಿ ಅವಕ್ಕೆ ಜಾಗ ಇಲ್ಲ.