ನಿಟುವಳ್ಳಿಯ ಅಂಗಳದಲ್ಲಿ ಒಗುಂಡೆ: ಒಂದು ಪ್ರೊಜೆಕ್ಟರ್ ಬಾಡಿಗೆಯ ಅನುಭವ

ಅಂಗಳದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಬೇಕು, ದಾವಣಗೆರೆಯಲ್ಲಿ ಯಾರನ್ನು ಕರೆಯೋಣ ಎಂದು ಕೇಳುವವರಿಗೆ ನಾನು ಇನ್ನು ಮುಂದೆ ಅಶೋಕ ರಸ್ತೆಯ ಹಿಂದಿನ ಓಣಿಯ ಆ ಪುಟ್ಟ ಬಾಡಿಗೆ ಅಂಗಡಿಯನ್ನೇ ತೋರಿಸುತ್ತೇನೆ. ಕಳೆದ ಶನಿವಾರ ಅಲ್ಲಿಂದ ಪ್ರೊಜೆಕ್ಟರ್, 12 ಅಡಿ ಅಗಲದ ಪರದೆ, ಎರಡು ಸ್ಪೀಕರ್, ಒಂದು ಮೈಕ್ ತರಿಸಿದ್ದೆ. ಆಪರೇಟರ್ ಸೇರಿ ರಾತ್ರಿಗೆ 2,800 ರೂಪಾಯಿ. ನೋಡಲು ಬಂದವರು ಹದಿನೇಳು ಮಂದಿ. ಹೆಚ್ಚಿನವರು ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು, ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದ ಕಾಲದಿಂದ ನಮ್ಮ ಮನೆಗೆ ಬಳಕೆಯವರು. ಹಾಕಿಸಿದ ಚಿತ್ರ ನೈಜೀರಿಯಾದ ಹ್ಯೂಬರ್ಟ್ ಒಗುಂಡೆಯವರ ‘ಆಯೇ’, 1979ರದು.

ಅಷ್ಟು ದೂರದ ಚಿತ್ರವೇ ಏಕೆ ಎಂದು ಹಲವರು ಕೇಳಿದರು. ಒಗುಂಡೆಯವರ ಬದುಕನ್ನು ಓದಿದಾಗಿನಿಂದ ಅವರು ನನಗೆ ನಮ್ಮ ಊರಿನ ಕಂಪನಿ ಮಾಲೀಕರ ಹಾಗೆಯೇ ಕಾಣುತ್ತಾರೆ. 1916ರಲ್ಲಿ ಒಸೋಸಾ ಎಂಬ ಊರಿನಲ್ಲಿ ಹುಟ್ಟಿದವರು. ಮೊದಲು ಶಾಲಾ ಮೇಷ್ಟರು, ಆಮೇಲೆ ಬ್ರಿಟಿಷರ ಕೈಕೆಳಗಿನ ಪೊಲೀಸ್. 1944ರಲ್ಲಿ ಲಾಗೋಸ್‌ನ ಗ್ಲೋವರ್ ಮೆಮೋರಿಯಲ್ ಹಾಲ್‌ನಲ್ಲಿ ಚರ್ಚಿಗಾಗಿ ಆಡಿಸಿದ ಹಾಡು-ಕುಣಿತದ ನಾಟಕ ಜನರಿಗೆ ಹಿಡಿಸಿತು. ಸ್ವಲ್ಪ ಕಾಲದಲ್ಲೇ ನೌಕರಿ ಬಿಟ್ಟು ಸ್ವಂತ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. 1949ರಲ್ಲಿ ಎನುಗುವಿನಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿಯ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು; 21 ಮಂದಿ ಸತ್ತರು. ಮರುವರ್ಷವೇ ಅದನ್ನು ರಂಗಕ್ಕೆ ತಂದವರು ಇದೇ ಮಾಜಿ ಪೊಲೀಸ್. 1964ರ ‘ಯೊರುಬಾ ರೊನು’ ನಾಟಕ ಅಧಿಕಾರದಲ್ಲಿದ್ದವರನ್ನು ಚುಚ್ಚಿದ್ದರಿಂದ ದೇಶದ ಪಶ್ಚಿಮ ಪ್ರಾಂತ್ಯದಲ್ಲಿ ಅವರ ಕಂಪನಿಯನ್ನೇ ನಿಷೇಧಿಸಿದರು. ಅದು ತೆರವಾದದ್ದು 1966ರಲ್ಲಿ. ಎರಡು ವರ್ಷ ಪರದೆ ಏಳದಿದ್ದರೆ ಕಂಪನಿಯ ಹೊಟ್ಟೆಪಾಡು ಏನಾಗುತ್ತದೆಂದು ಅಂಗಳದಲ್ಲಿ ಕುಳಿತವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಅರವತ್ತು ದಾಟಿದ ಮೇಲೆ ಅವರು ತಮ್ಮದೇ ನಾಟಕವನ್ನು ಸಿನಿಮಾ ಮಾಡಲು ಹೊರಟರು. ಅದೇ ‘ಆಯೇ’. ನಿರ್ದೇಶಿಸಿದವರು ಓಲಾ ಬಾಲೋಗುನ್. ಒಳಿತಿಗಾಗಿ ಮಾಟಗಾತಿಯರೊಡನೆ ಸೆಣಸುವ ನಾಟಿ ವೈದ್ಯನ ಪಾತ್ರ ಒಗುಂಡೆಯವರದೇ.

ಇನ್ನು ಅಂಗಡಿಯ ಹುಡುಗನ ಕೆಲಸ. ಗೆಳತಿಯ ಪೆನ್‌ಡ್ರೈವಿನಲ್ಲಿದ್ದ ಪ್ರತಿ ಮಾಸಿದ್ದು, ಚೌಕಾಕಾರದ್ದು. ಹಾಕಿದ ಕೂಡಲೇ ಚಿತ್ರ ಪರದೆಯ ಅಗಲಕ್ಕೂ ಹಿಗ್ಗಿ ಮುಖಗಳೆಲ್ಲ ಚಪ್ಪಟೆಯಾದವು. ನಾನು ಬಾಯಿ ತೆರೆಯುವ ಮೊದಲೇ ಆತ ಅಳತೆ ಸರಿಪಡಿಸಿ, ‘ಎರಡೂ ಕಡೆ ಕಪ್ಪು ಬಿದ್ದರೆ ಬೀಳಲಿ ಮೇಡಂ, ಮನುಷ್ಯರು ಮನುಷ್ಯರ ಹಾಗೆ ಕಾಣಬೇಕು’ ಎಂದ. ಮಾತು ಯೊರುಬಾದಲ್ಲಿದ್ದುದರಿಂದ ನಾನು ಮೈಕ್ ಹಿಡಿದು ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ನಾನು ಮಾತು ಶುರು ಮಾಡಿದಾಗಲೆಲ್ಲ ಆತ ಚಿತ್ರದ ಧ್ವನಿ ಇಳಿಸುತ್ತಿದ್ದ, ಹಾಡು ಬಂದರೆ ತಾನಾಗಿಯೇ ಏರಿಸುತ್ತಿದ್ದ. ಒಮ್ಮೆ ಕರೆಂಟು ಹೋಯಿತು. ದೀಪ ಕಾದಿರುವಾಗ ಒಳಗಿನ ಫ್ಯಾನ್ ನಿಂತರೆ ಯಂತ್ರ ಕೆಡುತ್ತದೆಂದು ಪ್ರೊಜೆಕ್ಟರ್‌ಗೆ ಮೊದಲೇ ಯುಪಿಎಸ್ ಜೋಡಿಸಿಟ್ಟಿದ್ದ. ಕರೆಂಟು ಬರುವಷ್ಟರಲ್ಲಿ ನಾವು ಮಂಡಕ್ಕಿ, ಮಿರ್ಚಿ ಮುಗಿಸಿದೆವು.

ಈ ಕಾಳಜಿಯನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಆ ಕಾಲದಲ್ಲಿ ನೈಜೀರಿಯಾದ ಚಿತ್ರಮಂದಿರಗಳಲ್ಲಿ ಹೊರದೇಶದ ಚಿತ್ರಗಳದೇ ದರ್ಬಾರು. ಅವುಗಳಲ್ಲಿ ನಮ್ಮ ಹಿಂದಿ ಚಿತ್ರಗಳೂ ಇದ್ದವು. ಅಲ್ಲಿನ ನಾಟಕದವರು ತಮ್ಮ ಚಿತ್ರದ ರೀಲುಗಳನ್ನು ತಾವೇ ಹೊತ್ತು, ಊರೂರಿನಲ್ಲಿ ಮುಂದೆ ನಿಂತು ತೋರಿಸುತ್ತಿದ್ದರು. ಅಂಥ ಚಿತ್ರವನ್ನು ಅಸಡ್ಡೆಯಿಂದ ಹಾಕಿದ್ದರೆ ನನಗೆ ಬಹಳ ನೋವಾಗುತ್ತಿತ್ತು.

ಒಗುಂಡೆ ತಮ್ಮ ಕಂಪನಿಯ ಹಲವು ನಟಿಯರನ್ನು ಮದುವೆಯಾದರು, ಅವರು ಬಿಟ್ಟುಹೋಗದಿರಲಿ ಎಂಬುದೂ ಅದಕ್ಕೊಂದು ಕಾರಣ ಎಂದು ಹೇಳಿದಾಗ ಅಂಗಳದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ನನಗೆ ಆ ಏರ್ಪಾಡು ಒಪ್ಪಿಗೆಯಿಲ್ಲ. ನಾಯಕಿಯ ಪಾತ್ರಗಳಲ್ಲಿ ಹೆಸರು ಮಾಡಿದ್ದ ಹಿರಿಯಕ್ಕ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮನ್ನು ನಾಟಕದವಳು ಎಂದು ಮನೆ ಬಾಡಿಗೆಗೂ ಕೊಡುತ್ತಿರಲಿಲ್ಲ ತಂಗಿ. ಆ ಹೆಂಗಸರಿಗೆ ಮನೆಯಾದರೂ ಇತ್ತಲ್ಲ’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಕೊರತೆಗಳೂ ಇವೆ. ಆರು ಗಂಟೆಗೆ ಬರುತ್ತೇವೆಂದವರು ಬಂದದ್ದು ಆರೂ ಮುಕ್ಕಾಲಿಗೆ. ಸಾಗಾಟಕ್ಕೆ ಬೇರೆ 400 ರೂಪಾಯಿ ಎಂಬುದನ್ನು ಮೊದಲೇ ಹೇಳಬೇಕಿತ್ತು. ಪರದೆಯ ಮಧ್ಯದಲ್ಲೊಂದು ಮಡಿಕೆಯಿದೆ, ಬೆಳಕಿನ ದೃಶ್ಯಗಳಲ್ಲಿ ಎದ್ದು ಕಾಣುತ್ತದೆ. ಅದನ್ನು ಅವರು ಬದಲಿಸಲೇಬೇಕು. ಎಡಗಡೆಯ ಸ್ಪೀಕರ್ ಗುಂಯ್‌ಗುಡುತ್ತಿತ್ತು, ಕೇಬಲ್ ಬದಲಿಸಿದ ಮೇಲೆ ನಿಂತಿತು.

ಒಗುಂಡೆ 1990ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು ಎಂದು ಹೇಳಿ ಮೈಕ್ ಕೆಳಗಿಟ್ಟೆ. ಅಪ್ಪನ ಜೊತೆ ತಬಲಾ ಬಾರಿಸುತ್ತಿದ್ದ ಕಾಕಾ ಎದ್ದು ಹೋಗಿ, ಆ ಡೋಲಿನ ಹಾಡನ್ನು ಇನ್ನೊಮ್ಮೆ ಹಾಕಲು ಹುಡುಗನನ್ನು ಕೇಳಿದರು. ಗಂಟೆ ಹನ್ನೊಂದಾಗಿತ್ತು. ಸುತ್ತಿದ್ದ ಕೇಬಲ್ ಬಿಚ್ಚಿ, ಧ್ವನಿ ತಗ್ಗಿಸಿ ಮತ್ತೆ ಹಾಕಿದ.

ಮುಂದಿನ ತಿಂಗಳು ಅವರದೇ ‘ಜಾಯೆಸಿಮಿ’ ತೋರಿಸುತ್ತೇನೆ. ಆ ಹುಡುಗನನ್ನೇ ಕಳಿಸಬೇಕೆಂದು ಹೇಳಿ 500 ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ.