ಎರಾಸ್ಮಸ್ ಭತ್ಯೆ, ಕಡ್ಡಾಯ ಇಂಟರ್ನ್‌ಶಿಪ್, ಅರೆಕಾಲಿಕ ಕೆಲಸ: ಜರ್ಮನಿಯಲ್ಲಿ ಓದುತ್ತ ನಾನು ಮಾಡಿ ನೋಡಿದ ಮೂರು ದಾರಿಗಳು

ಜರ್ಮನಿಯಲ್ಲಿ ಜಲಸಂಪನ್ಮೂಲ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ನನಗೆ ವೃತ್ತಿಯ ಅನುಭವ ಪಡೆಯಲು ಮೂರು ದಾರಿಗಳಿದ್ದವು. ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ಭತ್ಯೆ ಪಡೆದು ನೆರೆಯ ದೇಶವೊಂದರಲ್ಲಿ ಇಂಟರ್ನ್‌ಶಿಪ್ ಮಾಡುವುದು ಮೊದಲನೆಯದು. ಪಠ್ಯಕ್ರಮದಲ್ಲಿಯೇ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ಪನ್ನು ಜರ್ಮನಿಯೊಳಗೇ ಮುಗಿಸುವುದು ಎರಡನೆಯದು. ಓದಿನ ಜೊತೆಜೊತೆಗೆ ವಾರಕ್ಕೆ ಇಷ್ಟು ಗಂಟೆ ಎಂದು ಕಂಪನಿಯಲ್ಲಿ ದುಡಿಯುವ, ಅಲ್ಲಿಯವರು ವೆರ್ಕ್‌ಸ್ಟುಡೆಂಟ್ ಎಂದು ಕರೆಯುವ ಕೆಲಸ ಮೂರನೆಯದು. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಸಾಲ ಮಾಡಿ ಬರುವವರು ಯಾರೇ ಕೇಳಿದರೂ ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲನೆಯದನ್ನು ಆರಿಸಿಕೊಂಡು ಪೆಟ್ಟು ತಿಂದಿದ್ದೇನೆ. ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯಬೇಕಾಗಿದೆ.

ನನ್ನ ಹಣದ ಸ್ಥಿತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ತೀರ್ಮಾನ ನಿಂತಿರುವುದು ಅದರ ಮೇಲೆಯೇ. ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಆಸ್ತಿ ಅಡವಿಡದೆ ಸಿಗುವ ಏಳೂವರೆ ಲಕ್ಷ ರೂಪಾಯಿಯ ಶಿಕ್ಷಣ ಸಾಲಕ್ಕೆ ಕಾಕಾ ಜಾಮೀನು ನಿಂತರು. 2023ರ ಅಕ್ಟೋಬರ್‌ನಲ್ಲಿ ನಾನು ಹೊರಡುವಾಗ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ, ಒಂದು ವರ್ಷದ ಖರ್ಚೆಂದು 11,208 ಯೂರೋ ಇಡಬೇಕಿತ್ತು, ಅಂದರೆ ಸುಮಾರು ಹತ್ತು ಲಕ್ಷ ರೂಪಾಯಿ. ಸಾಲಕ್ಕೆ ಸೇರಿಸಬೇಕಾದ ಉಳಿದ ಹಣ ಅಪ್ಪನ ಭವಿಷ್ಯ ನಿಧಿಯಿಂದ ಬಂದಿತು. ಆ ಖಾತೆಯಿಂದ ತಿಂಗಳಿಗೆ 934 ಯೂರೋ ಮಾತ್ರ ಕೈಗೆ ಸಿಗುತ್ತಿತ್ತು. ವಿದ್ಯಾರ್ಥಿನಿಲಯದ ಬಾಡಿಗೆ 290, ಆರೋಗ್ಯ ವಿಮೆಗೆ 120ರ ಆಸುಪಾಸು, ಉಳಿದದ್ದರಲ್ಲಿ ಊಟ ಮತ್ತು ಇತರ ಖರ್ಚು. ಎರಡನೆಯ ವರ್ಷದ ಖರ್ಚನ್ನು ನಾನೇ ದುಡಿದು ತುಂಬಿಕೊಳ್ಳುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದೆ.

ಎರಾಸ್ಮಸ್ ಪ್ಲಸ್ ಭತ್ಯೆ ಐರೋಪ್ಯರಿಗೆ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆ ತಿಳಿವಳಿಕೆ ತಪ್ಪು. ಯೋಜನೆಗೆ ಸೇರಿದ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ನೋಂದಾಯಿಸಿಕೊಂಡ ವಿದ್ಯಾರ್ಥಿ ಯಾವ ದೇಶದ ಪ್ರಜೆಯಾದರೂ ಅರ್ಜಿ ಹಾಕಬಹುದು, ಎರಡರಿಂದ ಹನ್ನೆರಡು ತಿಂಗಳವರೆಗೆ ಬೇರೆ ದೇಶದಲ್ಲಿ ಇಂಟರ್ನ್‌ಶಿಪ್ ಮಾಡಬಹುದು. ನೆದರ್ಲೆಂಡ್ಸ್‌ನ ಜಲಸಂಶೋಧನಾ ಸಂಸ್ಥೆಯೊಂದರಲ್ಲಿ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ತಿಂಗಳ ಜಾಗ ನನಗೆ ಸಿಕ್ಕಿತು. ಭತ್ಯೆ ತಿಂಗಳಿಗೆ 700 ಯೂರೋ ಆಸುಪಾಸು. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲವನ್ನು ಕಾಲುವೆ, ಪಂಪು, ಒಡ್ಡುಗಳಿಂದ ಕಾಪಾಡಿಕೊಂಡು ಬಂದಿರುವ ದೇಶದಲ್ಲಿ ನೀರಿನ ಕೆಲಸ ಕಲಿಯುವ ಅವಕಾಶವೆಂದರೆ ನನ್ನ ವಿಷಯದವನಿಗೆ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಸುದ್ದಿ ತಿಳಿಸಲು ಫೋನ್ ಮಾಡಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ರೊಕ್ಕ ಯಾವ ತಿಂಗಳ ಕೈಗೆ ಬರ್ತದ, ಅದು ಮೊದಲು ಹೇಳು ತಮ್ಮಾ." ಹೊರಡುವ ಮುನ್ನ ಮುಕ್ಕಾಲು ಪಾಲು, ವರದಿ ಒಪ್ಪಿಸಿದ ಮೇಲೆ ಉಳಿದದ್ದು ಎಂದು ಹೇಳಿದೆ. ರೊಕ್ಕದ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಅನುಮತಿಯ ಪ್ರಶ್ನೆಯನ್ನು ನಾನೂ ಕೇಳಿಕೊಂಡಿರಲಿಲ್ಲ, ಬೇರೆ ಯಾರೂ ನನ್ನನ್ನು ಕೇಳಿರಲಿಲ್ಲ.

ತೊಡಕು ಇದ್ದದ್ದು ಅಲ್ಲಿಯೇ. ಜರ್ಮನಿಯ ವಿದ್ಯಾರ್ಥಿ ರೆಸಿಡೆನ್ಸ್ ಪರ್ಮಿಟ್ ಕೈಯಲ್ಲಿದ್ದರೆ ಷೆಂಗೆನ್ ಒಪ್ಪಂದದ ಇತರ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ವೀಸಾ ಇಲ್ಲದೆ ಓಡಾಡಬಹುದು. ರೈಲು ಹತ್ತಿ ಗಡಿ ದಾಟಿದರೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಈ ಸಲೀಸನ್ನು ಕಂಡು, ಅಲ್ಲಿ ಇಂಟರ್ನ್‌ಶಿಪ್ ಮಾಡುವುದಕ್ಕೂ ಇದೇ ಪರ್ಮಿಟ್ ಸಾಕು ಎಂದು ನಾನು ನಂಬಿಬಿಟ್ಟಿದ್ದೆ. ಆದರೆ ಓಡಾಡುವ ಹಕ್ಕಿನಲ್ಲಿ ದುಡಿಯುವ ಹಕ್ಕು ಸೇರಿಲ್ಲ, 90 ದಿನ ಮೀರಿ ಉಳಿಯುವ ಹಕ್ಕು ಮೊದಲೇ ಇಲ್ಲ. ನಾಲ್ಕು ತಿಂಗಳು ಉಳಿಯಬೇಕಾದರೆ ನೆದರ್ಲೆಂಡ್ಸ್‌ನ ಪ್ರತ್ಯೇಕ ವಾಸದ ಅನುಮತಿ ಬೇಕು, ಅದಕ್ಕೆ ನನ್ನನ್ನು ಕರೆಸಿಕೊಳ್ಳುವ ಸಂಸ್ಥೆಯೇ ಮುಂದಾಗಿ ಅರ್ಜಿ ಹಾಕಬೇಕು. ನನ್ನ ಜೊತೆಗೇ ಆಯ್ಕೆಯಾಗಿದ್ದ ಜರ್ಮನ್ ಸಹಪಾಠಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಅವನು ಐರೋಪ್ಯ ಒಕ್ಕೂಟದ ಪ್ರಜೆ, ಗುರುತಿನ ಚೀಟಿ ಹಿಡಿದು ಹೋದರೆ ಸಾಕು. ನಮ್ಮಿಬ್ಬರಿಗೂ ಬಂದ ಮಾಹಿತಿ ಪತ್ರ ಒಂದೇ ಆಗಿತ್ತು, ಅದರಲ್ಲಿ ಅವನಿಗೆ ಬೇಕಾದದ್ದೆಲ್ಲ ಇತ್ತು.

ಜೂನ್ ತಿಂಗಳಲ್ಲಿ ನಾನು, ನನ್ನ ವಿಶ್ವವಿದ್ಯಾಲಯ, ಆ ಜಲಸಂಶೋಧನಾ ಸಂಸ್ಥೆ ಹೀಗೆ ಮೂರೂ ಕಡೆಯವರು ಒಪ್ಪಂದ ಪತ್ರಕ್ಕೆ ಸಹಿ ಮಾಡಿದ್ದರು. ಜುಲೈ ಕೊನೆಯ ವಾರ ಆ ಸಂಸ್ಥೆಯ ಸಿಬ್ಬಂದಿ ವಿಭಾಗದವರು ಪಾಸ್‌ಪೋರ್ಟಿನ ಪ್ರತಿ ಕೇಳಿದರು. ಕಳುಹಿಸಿದ ಮರುದಿನವೇ, ಭಾರತದ ಪಾಸ್‌ಪೋರ್ಟ್ ಆದ್ದರಿಂದ ಅನುಮತಿಗೆ ಅರ್ಜಿ ಹಾಕಬೇಕಾಗುತ್ತದೆ, ಮೂರು ತಿಂಗಳು ಹಿಡಿಯಬಹುದು ಎಂಬ ಉತ್ತರ ಬಂದಿತು. ಸೆಪ್ಟೆಂಬರ್ ಒಂದಕ್ಕೆ ಐದೇ ವಾರ ಉಳಿದಿತ್ತು. ಅವಧಿಯನ್ನು ಮುಂದಕ್ಕೆ ಹಾಕಿ ಎಂದು ಕೇಳಿಕೊಂಡೆ. ಯೋಜನೆಯ ಕೆಲಸ ಡಿಸೆಂಬರ್‌ಗೆ ಮುಗಿಯುವುದರಿಂದ ಸಾಧ್ಯವಿಲ್ಲ ಎಂದರು. ಆಗಸ್ಟ್ ಮಧ್ಯದಲ್ಲಿ ಜಾಗ ಕೈಬಿಟ್ಟು ಹೋಯಿತು, ಭತ್ಯೆಯೂ ರದ್ದಾಯಿತು.

ಅಷ್ಟರಲ್ಲಿ ನಾನು ವಿದ್ಯಾರ್ಥಿನಿಲಯದ ನನ್ನ ಕೋಣೆಯನ್ನು ಸೆಪ್ಟೆಂಬರ್‌ನಿಂದ ನಾಲ್ಕು ತಿಂಗಳಿಗೆ ಇನ್ನೊಬ್ಬ ವಿದ್ಯಾರ್ಥಿಗೆ ಒಳಬಾಡಿಗೆಗೆ ಬರೆದುಕೊಟ್ಟಿದ್ದೆ. ಅವನನ್ನು ಬಿಡಿಸುವ ಹಕ್ಕು ನನಗಿರಲಿಲ್ಲ, ಬಿಡಿಸುವುದು ನ್ಯಾಯವೂ ಆಗಿರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಹಿಡಿದಿದ್ದ ಕೋಣೆಯ ಮುಂಗಡ 550 ಯೂರೋ ಮರಳಿ ಬರಲಿಲ್ಲ. ಆಳಂದ ತಾಲ್ಲೂಕಿನ ಗೆಳೆಯನ ಹದಿನೈದು ಚದರ ಮೀಟರ್ ಕೋಣೆಯಲ್ಲಿ ಆರು ವಾರ ಚಾಪೆ ಹಾಸಿಕೊಂಡು ಮಲಗಿದೆ. ಅವನು ಬೆಳಿಗ್ಗೆ ಆರಕ್ಕೆ ಬೇಕರಿ ಕೆಲಸಕ್ಕೆ ಹೋಗುವಾಗ ದೀಪ ಹಾಕದೆ, ನನ್ನನ್ನು ತುಳಿಯದೆ, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆಯುತ್ತಿದ್ದ. ಅದರ ನಂತರ ತಿಂಗಳಿಗೆ 410 ಯೂರೋ ಬಾಡಿಗೆಯ ಬೇರೆ ಕೋಣೆಯಲ್ಲಿ ಎರಡೂವರೆ ತಿಂಗಳು ಇದ್ದೆ. ನನ್ನ ಕೋಣೆಯಿಂದ ಬರುತ್ತಿದ್ದ 290 ಕಳೆದರೂ ಅದರಿಂದ 300 ಯೂರೋ ಹೆಚ್ಚಾಯಿತು. ಒಟ್ಟು 850 ಯೂರೋ, ಆಗಿನ ದರದಲ್ಲಿ ಸುಮಾರು 78,000 ರೂಪಾಯಿ, ಅಪ್ಪನ ಎರಡು ತಿಂಗಳ ಪಿಂಚಣಿಗಿಂತ ಹೆಚ್ಚು. ಈ ಮೊತ್ತವನ್ನು ಮನೆಗೆ ಹೇಳಲು ನನಗೆ ಮೂರು ವಾರ ಬೇಕಾಯಿತು.

ಇಲ್ಲಿ ಇನ್ನೊಂದು ಭತ್ಯೆಯ ಮಾತನ್ನೂ ಹೇಳಬೇಕು. ವಿದ್ಯಾರ್ಥಿ ವಿನಿಮಯವನ್ನು ನೋಡಿಕೊಳ್ಳುವ ಜರ್ಮನಿಯ ಡಿಎಎಡಿ ಸಂಸ್ಥೆಯ ಹಣದಿಂದ ವಿಶ್ವವಿದ್ಯಾಲಯಗಳು ನಡೆಸುವ, ಸ್ವಲ್ಪ ಕಾಲ ಹೊರದೇಶಕ್ಕೆ ಹೋಗಲು ಭತ್ಯೆ ಕೊಡುವ ಪ್ರೋಮೋಸ್ ಎಂಬ ಯೋಜನೆಯಿದೆ. ನಮ್ಮ ಮನೆಯಿರುವ ಬೀದರ್‌ನ ನೌಬಾದ್‌ನ ನೆಲದಡಿಯಲ್ಲಿ ಬಹಮನಿ ಕಾಲದ ಸುರಂಗ ಬಾವಿಯಿದೆ, ಕರೇಜ್ ಎಂದೂ ಕರೆಯುತ್ತಾರೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರು ಅದರ ಕೆಳಗಿನ ಗಟ್ಟಿ ಕಪ್ಪು ಶಿಲೆಯ ಮೇಲೆ ನಿಲ್ಲುತ್ತದೆ; ಆ ನೀರನ್ನು ಇಳಿಜಾರಾಗಿ ಕೊರೆದ ಸುರಂಗದಿಂದ, ಪಂಪು ರಾಟೆಗಳಿಲ್ಲದೆ, ಹೊರಗೆ ಹರಿಸುವ ವ್ಯವಸ್ಥೆ ಅದು. ಅಲ್ಲಿಗೆ ಬಂದು ಮೂರು ತಿಂಗಳು ನೀರಿನ ಮಟ್ಟ ಅಳೆಯಬೇಕೆಂಬುದು ನನ್ನ ಬಹುದಿನದ ಆಸೆ. ಪ್ರೋಮೋಸ್ ವಿದೇಶಿ ವಿದ್ಯಾರ್ಥಿಗಳಿಗೂ ಸಿಗುತ್ತದೆ, ಆದರೆ ಅವರ ತಾಯ್ನಾಡಿಗೆ ಹೋಗಲು ಸಿಗುವುದಿಲ್ಲ. ಕೀನ್ಯಾಕ್ಕೋ ವಿಯೆಟ್ನಾಮಿಗೋ ಹೋಗಬಹುದಾಗಿತ್ತು, ನೌಬಾದ್‌ಗೆ ಬರುವಂತಿರಲಿಲ್ಲ. ನಿಯಮದ ಉದ್ದೇಶ ನನಗೆ ಅರ್ಥವಾಗುತ್ತದೆ; ಅದರಿಂದ ಆದ ಬೇಸರ ಮಾತ್ರ ಇನ್ನೂ ಹೋಗಿಲ್ಲ.

ಎರಾಸ್ಮಸ್ ಜಾಗ ತಪ್ಪಿದ ಮೇಲೆ ಹುಡುಕಿಕೊಂಡದ್ದು ಕಡ್ಡಾಯ ಇಂಟರ್ನ್‌ಶಿಪ್ಪನ್ನು. ಜರ್ಮನ್ ಭಾಷೆಯಲ್ಲಿ ಇದಕ್ಕೆ ಫ್ಲಿಷ್ಟ್‌ಪ್ರಾಕ್ಟಿಕುಮ್ ಎನ್ನುತ್ತಾರೆ. ಇದರ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಮಾತ್ರ ದುಡಿಯಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಆಗಿತ್ತು. ಸ್ವಂತ ಇಚ್ಛೆಯಿಂದ ಮಾಡುವ ಇಂಟರ್ನ್‌ಶಿಪ್ ಈ ದಿನಗಳನ್ನು ತಿನ್ನುತ್ತದೆ. ಹದಿನಾರು ವಾರ ಪೂರ್ಣಾವಧಿ ಮಾಡಿದರೆ 80 ದಿನ ಖರ್ಚು, ವರ್ಷದ ಉಳಿದ ಭಾಗಕ್ಕೆ 60 ದಿನ ಮಾತ್ರ. ವಿಶ್ವವಿದ್ಯಾಲಯದ ಪರೀಕ್ಷಾ ನಿಯಮಾವಳಿಯಲ್ಲಿ ಬರೆದಿರುವ ಕಡ್ಡಾಯ ಇಂಟರ್ನ್‌ಶಿಪ್ ಆದರೆ ಒಂದು ದಿನವೂ ಲೆಕ್ಕಕ್ಕೆ ಬರುವುದಿಲ್ಲ. ದುಡಿಮೆಯನ್ನೇ ನಂಬಿಕೊಂಡು ಎರಡನೆಯ ವರ್ಷ ಕಳೆಯಬೇಕಾದ ನನ್ನಂಥವನಿಗೆ ಈ ಒಂದು ವ್ಯತ್ಯಾಸವೇ ಸಾಕು.

ಕೊರತೆಯನ್ನೂ ಮುಚ್ಚಿಡುವುದಿಲ್ಲ. ಕಡ್ಡಾಯ ಇಂಟರ್ನ್‌ಶಿಪ್ಪಿಗೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ. 2024ರಲ್ಲಿ ಕನಿಷ್ಠ ವೇತನ ಗಂಟೆಗೆ 12.41 ಯೂರೋ ಇತ್ತು. ಆ ದರದಲ್ಲಿ ಪೂರ್ಣಾವಧಿಗೆ ತಿಂಗಳಿಗೆ ಎರಡು ಸಾವಿರ ದಾಟುತ್ತಿತ್ತು. ಹನ್ನೆರಡು ಜನರಿರುವ ಅಂತರ್ಜಲ ಸಲಹಾ ಕಚೇರಿ ನನಗೆ ಕೊಟ್ಟದ್ದು 850. ಆದರೆ ಪ್ರತಿ ತಿಂಗಳ ಕೊನೆಗೆ ತಪ್ಪದೆ ಬಂದಿತು, ಇದ್ದ ಪರ್ಮಿಟ್ಟೇ ಸಾಕಾಯಿತು, ಊರು ಬದಲಿಸಬೇಕಾಗಲಿಲ್ಲ. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಕೇಳಿದ್ದರು. ನನ್ನದು ಅದರ ಕೆಳಗಿನ ಮಟ್ಟವಾದ ಎ2ಕ್ಕಿಂತ ಸ್ವಲ್ಪ ಮೇಲಿತ್ತು, ಮೊದಲ ತಿಂಗಳು ಕಷ್ಟವಾಯಿತು.

ಆ ಕಚೇರಿಯಲ್ಲಿ ಕಲಿತ ಒಂದು ಕೆಲಸವನ್ನು ಹೇಳುತ್ತೇನೆ. ಹೊಲಗಳ ನಡುವೆ ಅಲ್ಲಲ್ಲಿ ವೀಕ್ಷಣಾ ಕೊಳವೆಬಾವಿಗಳಿರುತ್ತವೆ. ಮುಚ್ಚಳದ ಬೀಗ ತೆಗೆದು, ಅಳತೆಪಟ್ಟಿಯ ತುದಿಯಲ್ಲಿರುವ ಲೋಹದ ಗುಂಡನ್ನು ಕೊಳವೆಯೊಳಗೆ ನಿಧಾನವಾಗಿ ಇಳಿಸಬೇಕು. ಗುಂಡು ನೀರನ್ನು ಮುಟ್ಟಿದ ಕ್ಷಣ ಸುರುಳಿಯ ಮೇಲಿನ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸದೆ ಸ್ವಲ್ಪ ಮೇಲೆತ್ತಿ, ದೀಪ ಆರಿದ ಮೇಲೆ ಮತ್ತೆ ಇಳಿಸಿ, ಎರಡನೆಯ ಸಲವೂ ಅದೇ ಅಂಕಿ ಬಂದರೆ ಮಾತ್ರ ಕೊಳವೆಯ ಅಂಚಿಗೆ ಸರಿಯಾಗಿ ಸೆಂಟಿಮೀಟರ್‌ವರೆಗೆ ಓದಿ ಬರೆಯಬೇಕು. ನವೆಂಬರ್ ಚಳಿಯಲ್ಲಿ ಕೈಗವಸು ತೆಗೆದು ಪೆನ್ಸಿಲ್ ಹಿಡಿಯುವಾಗ, ಬೇಸಿಗೆಯಲ್ಲಿ ಅಪ್ಪ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು, ಒದ್ದೆಯಾದ ಉದ್ದವನ್ನು ಮೊಳದಲ್ಲಿ ಅಳೆಯುತ್ತಿದ್ದದ್ದು ನೆನಪಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅಳತೆ ತೆಗೆದೆ. ಈಗ ನನ್ನ ಪ್ರಬಂಧ ನಿಂತಿರುವುದು ಅವುಗಳ ಮೇಲೆ.

ವೆರ್ಕ್‌ಸ್ಟುಡೆಂಟ್ ಕೆಲಸವನ್ನು 2025ರ ಏಪ್ರಿಲ್‌ನಿಂದ ಅದೇ ಕಚೇರಿಯಲ್ಲಿ ಮಾಡುತ್ತಿದ್ದೇನೆ, ವಾರಕ್ಕೆ 16 ಗಂಟೆ, ಗಂಟೆಗೆ 14 ಯೂರೋ. ಸೆಮಿಸ್ಟರ್ ನಡೆಯುವಾಗ ಮಿತಿ ವಾರಕ್ಕೆ 20 ಗಂಟೆ, ಅದನ್ನು 140 ದಿನಗಳ ಲೆಕ್ಕದಲ್ಲಿ ವಾರಕ್ಕೆ ಎರಡೂವರೆ ದಿನವೆಂದು ಎಣಿಸಲು ಈಗ ಅವಕಾಶವಿದೆ. ಪಿಂಚಣಿ ನಿಧಿಗೆ ಸ್ವಲ್ಪ ಕಡಿತವಾಗುತ್ತದೆ, ಆರೋಗ್ಯ ವಿಮೆ ವಿದ್ಯಾರ್ಥಿ ದರದಲ್ಲೇ ಮುಂದುವರಿಯುತ್ತದೆ. ಹಣದ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ಆದರೆ ಪರಿಚಯವಿಲ್ಲದವರಿಗೆ ಇಂಥ ಕೆಲಸ ಬೇಗ ಸಿಗುವುದಿಲ್ಲ. ನನಗೆ ಮೊದಲ ವರ್ಷ ಕಳುಹಿಸಿದ ನಲವತ್ತು ಅರ್ಜಿಗಳಿಗೆ ಒಂದೇ ಸಂದರ್ಶನ ಬಂದಿತ್ತು. ಇಂಟರ್ನ್‌ಶಿಪ್ಪಿನಲ್ಲಿ ನನ್ನ ಕೆಲಸ ಕಂಡವರೇ ಕೊನೆಗೆ ಕರೆದು ಕೊಟ್ಟರು.

ಅಮೆರಿಕಕ್ಕೆ ಹೋಗುವವರ ಲೆಕ್ಕ ಬೇರೆ. ಅಲ್ಲಿ ಓದುತ್ತಿರುವ ಕಾಕಾನ ಮಗಳು ಹೇಳುವಂತೆ, ಹೊರಗಿನ ಸಂಸ್ಥೆಯಲ್ಲಿ ಸಿಪಿಟಿ, ಅಂದರೆ ಓದುವಾಗಲೇ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿಯ ಮೇಲೆ ಇಂಟರ್ನ್‌ಶಿಪ್ ಮಾಡಬೇಕಾದರೆ ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು, ಆ ಅನುಮತಿ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಪ್ರವೇಶ ಪತ್ರದಲ್ಲಿ ದಾಖಲಾಗುವ ಮೊದಲು ಒಂದು ದಿನವೂ ಕೆಲಸ ಮಾಡುವಂತಿಲ್ಲ, ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಓದಿನ ನಂತರ ಸಿಗಬೇಕಾದ ಓಪಿಟಿ ಎಂಬ ಕೆಲಸದ ಅವಕಾಶ ಕೈತಪ್ಪುತ್ತದೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್ಪಿಗೆ ಸಂಬಳವೇ ಇಲ್ಲ ಎಂಬುದನ್ನೂ ಹೆಸರಿಗೆ ಮನಸೋಲುವ ಮುನ್ನ ತಿಳಿದಿರಬೇಕು.

ನನ್ನ ಸ್ವಭಾವವೂ ತೀರ್ಮಾನದಲ್ಲಿ ಸೇರಿದೆ. ಒಂದೇ ಜಾಗದಲ್ಲಿ ನಿಂತು ಒಂದು ಕೆಲಸವನ್ನು ಪೂರ್ತಿ ಕಲಿಯುವುದು ನನಗೆ ಒಗ್ಗುತ್ತದೆ, ತಿಂಗಳ ಕೊನೆಗೆ ಎಷ್ಟು ಬರುತ್ತದೆಂದು ಗೊತ್ತಿಲ್ಲದಿದ್ದರೆ ಓದು ತಲೆಗೆ ಹತ್ತುವುದಿಲ್ಲ. ಕೈಯಲ್ಲಿ ಎರಡು ಸಾವಿರ ಯೂರೋ ಮಿಗುವವರು, ಆರು ತಿಂಗಳು ಮೊದಲೇ ಅನುಮತಿಯ ಕೆಲಸ ಶುರುಮಾಡುವ ವ್ಯವಧಾನ ಇರುವವರು ಎರಾಸ್ಮಸ್ ಭತ್ಯೆಗೆ ಖಂಡಿತ ಪ್ರಯತ್ನಿಸಲಿ. ಸಾಲದ ಮೇಲೆ ಬಂದವರು ಮೊದಲು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ "ಈ ಇಂಟರ್ನ್‌ಶಿಪ್ ಪಠ್ಯಕ್ರಮದಲ್ಲಿ ಕಡ್ಡಾಯ" ಎಂಬ ಪತ್ರ ಪಡೆದುಕೊಂಡು, ಇರುವ ಊರಿನ ಸುತ್ತಲೇ ಹುಡುಕಲಿ.

ಕಳೆದ ವಾರ ಭಾಲ್ಕಿಯ ವಿದ್ಯಾರ್ಥಿನಿಯೊಬ್ಬಳು, "ಅಣ್ಣಾ, ಬೆಲ್ಜಿಯಂದಾಗ ಐದು ತಿಂಗಳ ಇಂಟರ್ನ್‌ಶಿಪ್ ಸಿಕ್ಕದ" ಎಂದು ಒಪ್ಪಂದ ಪತ್ರ ಕಳುಹಿಸಿದ್ದಳು. ಭತ್ಯೆಯ ಮೊತ್ತ ನೋಡುವ ಮೊದಲು ಅನುಮತಿಗೆ ಯಾರು ಅರ್ಜಿ ಹಾಕಿದ್ದಾರೆಂದು ಕೇಳಿದೆ. ಯಾರೂ ಹಾಕಿರಲಿಲ್ಲ. ಅಂದೇ ಸಂಜೆ ಇಬ್ಬರೂ ಕುಳಿತು ಆ ಸಂಸ್ಥೆಗೆ ಪತ್ರ ಬರೆದೆವು. ಹೊರಡಲು ಇನ್ನೂ ಐದು ತಿಂಗಳಿದೆ, ಆಕೆ ತನ್ನ ಕೋಣೆಯನ್ನು ಇನ್ನೂ ಯಾರಿಗೂ ಬರೆದುಕೊಟ್ಟಿಲ್ಲ.