ಬಿಇ-200 ಪ್ಲಾಸ್ಟಿಕ್ ಕಿಟ್: ಕೊಳ್ಳಬಹುದು, ಡೆಕಲ್ ನಂಬಬೇಡಿ

ವಾಯುಪಡೆಯಲ್ಲಿ ವಿಮಾನಗಳ ಒಡಲು ರಿಪೇರಿ ಮಾಡುತ್ತಿದ್ದವನು ನಾನು. ಈಗ ವಿರಾಜಪೇಟೆ ಬಳಿ ಕಾಫಿ ತೋಟ. ಮಳೆ ಹಿಡಿದುಕೊಂಡರೆ ಪ್ಲಾಸ್ಟಿಕ್ ವಿಮಾನಗಳು. ಈ ಸಲ ಜೋಡಿಸಿದ್ದು ನೀರಿನ ಮೇಲೂ ಇಳಿದು ಕಾಡಿನ ಬೆಂಕಿ ಆರಿಸುವ ರಷ್ಯಾದ ವಿಮಾನ, ಬೆರೀವ್ ಬಿಇ-200. 1:144 ಅಳತೆಯಲ್ಲಿ ಸುಮಾರು 22 ಸೆಂಟಿಮೀಟರ್ ಉದ್ದ.

ತಯಾರಕರು ಒಡಲನ್ನು ಚೆನ್ನಾಗಿ ಅಚ್ಚು ಹೊಯ್ದಿದ್ದಾರೆ. ತಳದ ನಡುವಿನ ಮೆಟ್ಟಿಲು ಚೂಪಾಗಿ ಮೂಡಿದೆ. ಈ ಜಾತಿಯ ವಿಮಾನದ ಜೀವವೇ ಅದು: ಓಡುವಾಗ ನೀರು ತಳಕ್ಕೆ ಅಂಟಿ ಹಿಂದಕ್ಕೆಳೆಯುತ್ತದೆ, ಮೆಟ್ಟಿಲಿನ ಬಳಿ ಆ ಹಿಡಿತ ಕಳಚುತ್ತದೆ. ಎರಡು ಜೆಟ್ ಎಂಜಿನ್‌ಗಳನ್ನು ರೆಕ್ಕೆಗಿಂತ ಮೇಲೆ, ಹಿಂದಕ್ಕೆ ಕೂರಿಸಿದ್ದೂ ನೀರಿನ ಎರಚಲು ಒಳನುಗ್ಗದಿರಲೆಂದು. ಬಾಲದ ಅಡ್ಡರೆಕ್ಕೆ ತುತ್ತತುದಿಯಲ್ಲಿದೆ. ಚಿತ್ರದಲ್ಲಿ ವಿಚಿತ್ರವಾಗಿ ಕಾಣುವ ಈ ಆಕಾರ ಕೈಯಲ್ಲಿ ಹಿಡಿದಾಗ ಅರ್ಥವಾಗುತ್ತದೆ.

ನಿಜವಾದ ವಿಮಾನ ನೀರಿನ ಮೇಲೆ ಜಾರುತ್ತಲೇ ಸುಮಾರು 14 ಸೆಕೆಂಡಿನಲ್ಲಿ 12 ಟನ್ ನೀರು ತುಂಬಿಕೊಳ್ಳುತ್ತದೆ. ಆ ನೀರು ಹೀರುವ ಬಾಯಿಗಳನ್ನು ಕಿಟ್‌ನಲ್ಲಿ ಬರೀ ಗೆರೆಯಾಗಿ ಕೊರೆದು ಕೈತೊಳೆದುಕೊಂಡಿದ್ದಾರೆ, ಇದು ನನಗೆ ಹಿಡಿಸಲಿಲ್ಲ. ತೊಟ್ಟಿಗಳು ನೆಲಹಾಸಿನ ಕೆಳಗಿರುವುದರಿಂದ ಮೇಲಿನ ಜಾಗ ಸರಕಿಗೋ ಗಾಯಾಳುಗಳಿಗೋ ಸಿಗುತ್ತದೆ. ಆದರೆ ಕಡಲಿನಲ್ಲಿ ಇದು ಅಷ್ಟು ಗಟ್ಟಿಗನಲ್ಲ: ಅಲೆಯ ಮಿತಿ 1.2 ಮೀಟರ್. ಜಪಾನಿನ ಯುಎಸ್-2 ವಿಮಾನ 3 ಮೀಟರ್ ಅಲೆಯಲ್ಲೂ ಇಳಿಯುತ್ತದೆ.

‘ಮಾವ, ಇದು ಹಾರಂಗಿಯಲ್ಲಿ ನೀರು ತುಂಬಿಕೊಂಡು ನಮ್ಮ ಕಾಡಿನ ಬೆಂಕಿ ಆರಿಸುವುದಿಲ್ಲವೇ?’ ಎಂದು ತಂಗಿಯ ಮಗ ಕೇಳಿದ. ಬೆಂಕಿ ಬೀಳುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಜಲಾಶಯವೂ ಇಳಿದಿರುತ್ತದೆ. ಈ ವಿಮಾನಕ್ಕೆ ನೇರವಾದ ಉದ್ದನೆಯ ನೀರು ಬೇಕು, ಆಮೇಲೆ ಗುಡ್ಡಗಳ ಸಂದಿನಲ್ಲಿ ಕೆಳಮಟ್ಟದಲ್ಲಿ ತಿರುಗಬೇಕು. 2019ರಲ್ಲಿ ಬಂಡೀಪುರದ ಬೆಂಕಿಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್ ತೂಗಿಸಿಕೊಂಡು ನೀರು ಸುರಿದವು. ಕೊಡಗಿನ ಇಳಿಜಾರಿಗೂ ಅದೇ ಸರಿ ಎಂದೆ. ಅವನಿಗೆ ನಿರಾಸೆಯಾಯಿತು.

ಡೆಕಲ್‌ಗಳು, ಅಂದರೆ ಮಾದರಿಯ ಮೇಲೆ ಅಂಟಿಸುವ ಬಣ್ಣದ ಗುರುತುಗಳು, ಮಾತ್ರ ದಂಡ. ನಮ್ಮ ಜುಲೈನ ತೇವಕ್ಕೆ ಅಂಚು ಸುರುಳಿ ಸುತ್ತಿಕೊಂಡವು. ಬಣ್ಣವನ್ನು ಅಕ್ಕಿಕಾಗದದ ಅಚ್ಚು ಕತ್ತರಿಸಿ ಬಳಿಯುವುದೇ ವಾಸಿ. ಇನ್ನೊಂದು ಮಾತು: ಎಂಜಿನ್‌ಗಳು ಹಿಂದಿರುವುದರಿಂದ ಮಾದರಿ ಬಾಲದ ಮೇಲೆ ಕುಕ್ಕರಿಸುತ್ತದೆ. ಒಡಲು ಅಂಟಿಸುವ ಮೊದಲು ಮೂತಿಯೊಳಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿ.